ಲಿಂಕನ್ ಅಲೆಕ್ಸಾಂಡರ್: ಪಕ್ಷದ ಮನುಷ್ಯ ರಾಜ್ಯಪಾಲರಾದಾಗ

ವಿನುತಾ (ಹ್ಯಾಮಿಲ್ಟನ್): ಜನವರಿ 21ರ ಲಿಂಕನ್ ಅಲೆಕ್ಸಾಂಡರ್ ದಿನಕ್ಕೆ ಶಾಲೆಯಲ್ಲಿ ಮಾತನಾಡಲು ಮಗಳಿಗೆ ಹೇಳಿದ್ದಾರೆ. ಕೆನಡಾದ ಮೊದಲ ಕಪ್ಪು ಸಂಸದ, ಆಮೇಲೆ ಒಂಟಾರಿಯೊ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ (ನಮ್ಮ ರಾಜ್ಯಪಾಲರಂಥ ಹುದ್ದೆ) ಎಂಬಷ್ಟು ಎಲ್ಲ ಕಡೆಯೂ ಸಿಗುತ್ತದೆ. ನನ್ನ ಕುತೂಹಲ ಬೇರೆ. ಕನ್ಸರ್ವೇಟಿವ್ ಪಕ್ಷದಿಂದ ಐದು ಸಲ ಗೆದ್ದು ಮಂತ್ರಿಯೂ ಆಗಿದ್ದವರು ಆ ಪೀಠದಲ್ಲಿ ಹೇಗೆ ನಡೆದುಕೊಂಡರು? ನಮ್ಮಲ್ಲಿನ ರಾಜಭವನದ ಜಗ್ಗಾಟ ನೋಡಿ ಬೆಳೆದವಳು, ಅದಕ್ಕೇ ಕೇಳುತ್ತಿದ್ದೇನೆ.

ಶ್ರೀಧರಮೂರ್ತಿ: ವಿನುತಾ ಅವರೇ, ನೇಮಕ ಇಲ್ಲಿಯೂ ಕೇಂದ್ರದ್ದೇ. ಪ್ರಧಾನಿಯ ಸಲಹೆಯಂತೆ, ಕೆನಡಾದಲ್ಲಿ ರಾಜಮನೆತನದ ಪ್ರತಿನಿಧಿಯಾದ ಗವರ್ನರ್ ಜನರಲ್ ನೇಮಿಸುತ್ತಾರೆ. 1985ರಲ್ಲಿ ಇವರ ಹೆಸರು ಸೂಚಿಸಿದ್ದು ಸ್ವಂತ ಪಕ್ಷದ ಪ್ರಧಾನಿ ಮಲ್ರೋನಿ. ಆದರೆ ಆಗ ಪ್ರಾಂತ್ಯದ ರಾಜಧಾನಿ ಟೊರಾಂಟೊದಲ್ಲಿ ಅಧಿಕಾರದಲ್ಲಿದ್ದವರು ಲಿಬರಲ್ ಪಕ್ಷದ ಡೇವಿಡ್ ಪೀಟರ್‌ಸನ್. 1990ರಲ್ಲಿ ಜನ ಅವರನ್ನೂ ಇಳಿಸಿ, ನ್ಯೂ ಡೆಮಾಕ್ರಟಿಕ್ ಪಕ್ಷದ ಬಾಬ್ ರೇ ಅವರನ್ನು ಗೆಲ್ಲಿಸಿದರು. ಎಡಪಂಥೀಯ ಮುಖ್ಯಮಂತ್ರಿಗೆ ಪ್ರಮಾಣವಚನ ಬೋಧಿಸಿದ್ದು ಇದೇ ಹಳೆಯ ಕನ್ಸರ್ವೇಟಿವ್. 1991ರವರೆಗಿನ ಅಧಿಕಾರಾವಧಿಯಲ್ಲಿ ಅವರು ಪಟ್ಟು ಹಿಡಿದದ್ದು ಜನಾಂಗೀಯ ಸಾಮರಸ್ಯ ಮತ್ತು ಮಕ್ಕಳ ಶಿಕ್ಷಣಕ್ಕೆ. ಸರ್ಕಾರ ಬೀಳಿಸುವುದಕ್ಕಿಂತ ಅದು ಎಷ್ಟೋ ಗೌರವದ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಮಗಳಿಗೆ ಪದವಿಗಳ ಪಟ್ಟಿ ಬಾಯಿಪಾಠ ಮಾಡಿಸಬೇಡಿ, ತರಗತಿ ಆಕಳಿಸುತ್ತದೆ. ಅಲೆಕ್ಸಾಂಡರ್ ಅವರ ತಂದೆ ರೈಲಿನಲ್ಲಿ ಪೋರ್ಟರ್, ತಾಯಿ ಮನೆಗೆಲಸದವರು. ಇಬ್ಬರೂ ಕೆರಿಬಿಯನ್ ದ್ವೀಪಗಳಿಂದ ಬಂದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಯುಪಡೆಯ ವೈರ್‌ಲೆಸ್ ಆಪರೇಟರ್ ಆಗಿದ್ದಾಗ ವ್ಯಾಂಕೂವರ್‌ನ ಒಂದು ಬಾರ್‌ನಲ್ಲಿ ಬಣ್ಣ ನೋಡಿ ಇವರಿಗೆ ಕೊಡುವುದಿಲ್ಲ ಎಂದರು. ಮೇಲಧಿಕಾರಿಗೆ ದೂರು ಕೊಟ್ಟರೂ ಆತ ಕಿವಿಗೆ ಹಾಕಿಕೊಳ್ಳಲಿಲ್ಲ. 1949ರಲ್ಲಿ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು ನಮ್ಮೂರಿನ ಉಕ್ಕಿನ ಕಂಪನಿಯಲ್ಲಿ ಮಾರಾಟ ವಿಭಾಗದ ಕೆಲಸ ಕೇಳಿದರು. ರಜೆಯಲ್ಲಿ ದುಡಿದಿದ್ದ ಕಾರ್ಖಾನೆಗೇ ಬೇಕಾದರೆ ಬಾ ಎಂದರಂತೆ! ಒಲ್ಲೆ ಎಂದು ವಕೀಲಿ ಓದಲು ಹೋದರು.

ಅನಸೂಯಾ: 1968ರ ಮೊದಲ ಗೆಲುವಿನ ಹಿಂದೆ 1965ರ ಸೋಲಿದೆ, ಅದನ್ನೂ ಸೇರಿಸಿ. ಮೊದಲ ಭಾಷಣದಲ್ಲಿ ಅವರು, ಕಪ್ಪು ಜನರ ವಕ್ತಾರನ ಸ್ಥಾನವನ್ನು ಯಾರೂ ನನಗೆ ಕೊಟ್ಟಿಲ್ಲ, ಆದರೂ ತಾರತಮ್ಯ ಉಂಡ ಎಲ್ಲರ ಪರವಾಗಿ ಮಾತನಾಡುವ ಹೊಣೆ ಹೊರುತ್ತೇನೆ ಎಂಬರ್ಥದಲ್ಲಿ ಹೇಳಿದರು. ಆ ಮಾತು ನನಗೆ ಬಹಳ ಹಿಡಿಸಿತು. 1979ರಲ್ಲಿ ಪ್ರಧಾನಿ ಜೋ ಕ್ಲಾರ್ಕ್ ಸಂಪುಟದಲ್ಲಿ ಕಾರ್ಮಿಕ ಸಚಿವರಾದರು, ಆದರೆ ಆ ಸರ್ಕಾರವೇ ಬಹಳ ದಿನ ಬಾಳಲಿಲ್ಲ.

ವಿನುತಾ: ಇಬ್ಬರಿಗೂ ಧನ್ಯವಾದ. ಬಾರ್‌ನ ಪ್ರಸಂಗ ಹತ್ತು ವರ್ಷದ ಮಗುವಿನ ಬಾಯಲ್ಲಿ ಬೇಡ, ಉಕ್ಕಿನ ಕಂಪನಿಯದನ್ನೇ ಹೇಳಿಸುತ್ತೇನೆ. ನಾವು ದಿನವೂ ಓಡಾಡುವ ಲಿಂಕನ್ ಅಲೆಕ್ಸಾಂಡರ್ ಪಾರ್ಕ್‌ವೇ ಇವರ ಹೆಸರಿನದೇ ತಾನೆ?

ಶ್ರೀಧರಮೂರ್ತಿ: ಇವರದೇ. ಅವರಿಗೆ ಡ್ರೈವಿಂಗ್ ಲೈಸೆನ್ಸೇ ಇರಲಿಲ್ಲ ಎಂಬುದನ್ನೂ ಹೇಳಿಸಿ, ಮಕ್ಕಳು ನಗುತ್ತಾರೆ.