ಸೀಗಡಿ ಹೊಂಡಕ್ಕೆ ಫೇಜ್ ಸುರಿಯಬಹುದೇ?

ಗಜನಿಯವ, ಕುಮಟಾ
ಒಂದು ಎಕರೆಯ ಹೊಂಡ, ವನ್ನಾಮಿ ಜಾತಿಯ ಸೀಗಡಿ ಮರಿ ಬಿಟ್ಟು 38 ದಿನ. ನಾಲ್ಕು ದಿನಗಳಿಂದ, ತಿಂದಿವೆಯೇ ಎಂದು ನೋಡಲು ಇಳಿಸುವ ಚೆಕ್ ಟ್ರೇಯಲ್ಲಿ ಮೇವು ಹಾಗೆಯೇ ಉಳಿಯುತ್ತಿದೆ, ಬಿಳಿ ಹಿಕ್ಕೆಯ ಎಳೆಗಳು ತೇಲುತ್ತಿವೆ. ರಾತ್ರಿ ಏರೇಟರ್ ತಿರುಗುವಲ್ಲಿ ನೀರು ನೀಲಿಯಾಗಿ ಮಿನುಗುತ್ತದೆ. ಅಂಗಡಿಯವರು ಒಂದು ಲೀಟರಿನ ಬಾಟಲಿ ಕೊಟ್ಟು, "ಇದು ಫೇಜ್, ಬ್ಯಾಕ್ಟೀರಿಯಾ ಕೊಲ್ಲುವ ವೈರಸ್, ಬಿಳಿ ಚುಕ್ಕೆ ರೋಗಕ್ಕೂ ಆಗುತ್ತದೆ" ಎಂದರು. ಎರಡು ವರ್ಷದ ಹಿಂದೆ ವೈರಸ್ಸಿನಿಂದಲೇ ಇಡೀ ಬೆಳೆ ಕಳೆದುಕೊಂಡವನು ನಾನು. ಈಗ ದುಡ್ಡು ಕೊಟ್ಟು ವೈರಸ್ ತಂದು ಸುರಿಯಬೇಕೇ?

ಹಳೆಯ ಹ್ಯಾಚರಿಯವ, ಕುಂದಾಪುರ
ಹೆದರಬೇಡಿ ಮಾರಾಯರೇ, ಫೇಜ್ ಸೀಗಡಿಯನ್ನು ಮುಟ್ಟುವುದಿಲ್ಲ. ಆದರೆ ಬಿಳಿ ಚುಕ್ಕೆಗೂ ಆಗುತ್ತದೆ ಎಂದವರ ಮಾತನ್ನು ಅಲ್ಲಿಗೇ ಬಿಡಿ. ಬಿಳಿ ಚುಕ್ಕೆ ವೈರಸ್ಸಿನ ರೋಗ, ಫೇಜ್ ಹಿಡಿಯುವುದು ಬ್ಯಾಕ್ಟೀರಿಯಾವನ್ನು ಮಾತ್ರ. ಅದರಲ್ಲೂ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಗುಂಪಿನಲ್ಲಿ ಒಂದನ್ನು ಒಡೆಯುವ ಫೇಜ್ ಪಕ್ಕದ ವಿಬ್ರಿಯೊವನ್ನು ಮೂಸಿಯೂ ನೋಡದೆ ಹೋಗಬಹುದು. ಬಿಳಿ ಹಿಕ್ಕೆಗೆ ಇ.ಎಚ್.ಪಿ. ಎಂಬ ಪರಾವಲಂಬಿಯೂ ಕಾರಣವಾಗುತ್ತದೆ, ಅದಕ್ಕೆ ಈ ಬಾಟಲಿ ನೀರಿಗೆ ಸಮ.

ಮಿನುಗಿನ ವಿಷಯ. ಕಲಕಿದಾಗ ಮಾತ್ರ ಫಳಕ್ಕೆಂದು ಹೊಳೆದರೆ ಅದು ಸಮುದ್ರದ ಸೂಕ್ಷ್ಮ ಪಾಚಿ ಇರಬೇಕು. ನಾಲ್ಕು ಸೀಗಡಿಯನ್ನು ಬಕೆಟ್ಟಿಗೆ ಹಾಕಿ ಕತ್ತಲೆ ಕೋಣೆಯಲ್ಲಿಟ್ಟು ನೋಡಿ. ಅಲುಗಾಡಿಸದೆಯೇ ಸೀಗಡಿಯ ಮೈ ಹೊಳೆಯುತ್ತಿದ್ದರೆ ಬೆಳಕಿನ ವಿಬ್ರಿಯೊ.

ನಾನು ಪೂರ್ವ ಕರಾವಳಿಯಲ್ಲಿ ಸೀಗಡಿ ಮರಿ ಮಾಡುವ ಹ್ಯಾಚರಿಯೊಂದರಲ್ಲಿ 11 ವರ್ಷ ದುಡಿದವನು. ಫೇಜ್ ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಮಾತ್ರ ಎಲ್ಲ ವ್ಯರ್ಥವಾಯಿತು: ಬೆಳಿಗ್ಗೆ ನಾನು ಫೇಜ್ ಹಾಕಿದೆ, ಮಧ್ಯಾಹ್ನ ಇನ್ನೊಬ್ಬ ಅದೇ ನೀರಿಗೆ ಕ್ಲೋರಿನ್ ಹಾಕಿದ. ಪುಣ್ಯಾತ್ಮ ಹೇಳಲೂ ಇಲ್ಲ.

ನಮ್ಮ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಇಂದ್ರಾಣಿ ಕರುಣಾಸಾಗರ್ ಅವರ ತಂಡ ಟೈಗರ್ ಸೀಗಡಿಯ ಮರಿಗಳ ಮೇಲೆ ಫೇಜ್ ಅನ್ನು ಪರೀಕ್ಷಿಸಿತ್ತು. 2007ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಮಿಲಿಲೀಟರಿಗೆ ಸುಮಾರು 20 ಲಕ್ಷ ಫೇಜ್ ಇದ್ದ ತೊಟ್ಟಿಗಳಲ್ಲಿ ಶೇ. 85ಕ್ಕಿಂತ ಹೆಚ್ಚು ಮರಿ ಉಳಿದವು, ಆ್ಯಂಟಿಬಯೋಟಿಕ್ ಹಾಕಿದ ತೊಟ್ಟಿಗಳಿಗಿಂತ ಮೇಲು. ಆದರೆ ಅದು ತೊಟ್ಟಿ, ನಿಮ್ಮದು ಹೊಂಡ. ಒಂದು ಮೀಟರ್ ಆಳವೆಂದರೂ ಎಕರೆಗೆ 40 ಲಕ್ಷ ಲೀಟರ್ ನೀರು. ಬಾಟಲಿಯಲ್ಲಿ ಮಿಲಿಲೀಟರಿಗೆ 100 ಕೋಟಿ ಫೇಜ್ ಇದ್ದರೂ ಹೊಂಡದಲ್ಲಿ ಮಿಲಿಲೀಟರಿಗೆ ಸಿಗುವುದು ಬರೀ 250. ತನ್ನ ಬ್ಯಾಕ್ಟೀರಿಯಾ ಸಿಕ್ಕರೆ ಅದು ಒಳಹೊಕ್ಕು ಹೆಚ್ಚಿಕೊಳ್ಳುತ್ತದೆ, ನಿಜ. ಸಿಗದಿದ್ದರೆ ಬಿಸಿಲಿಗೆ ಸಾಯುತ್ತದೆ.

ಮೊದಲು ಇ.ಎಚ್.ಪಿ. ಮತ್ತು ಬಿಳಿ ಚುಕ್ಕೆಗೆ ಪಿ.ಸಿ.ಆರ್. ಮಾಡಿಸಿ. ಲ್ಯಾಬಿನವರಿಗೆ ರೋಗದ ಸೀಗಡಿಯಿಂದ ತಟ್ಟೆಯಲ್ಲಿ ವಿಬ್ರಿಯೊ ಬೆಳೆಸಿ, ಆ ತಟ್ಟೆಯ ಮೇಲೆ ಇದೇ ಬಾಟಲಿಯ ಹನಿ ಬಿಡಲು ಹೇಳಿ. ಮರುದಿನ ಹನಿ ಬಿದ್ದಲ್ಲಿ ವಿಬ್ರಿಯೊ ಒಡೆದು ತಿಳಿಯಾದ ಬೊಟ್ಟು ಮೂಡಿದರೆ ಮಾತ್ರ ಮುಂದಿನ ಮಾತು.

ಮಂಗಳೂರಿನ ವಿದ್ಯಾರ್ಥಿನಿ
ಒಂದು ಸೇರಿಸುತ್ತೇನೆ ಅಣ್ಣ. ಎಲ್ಲ ಫೇಜ್‌ಗಳೂ ಒಳ್ಳೆಯವಲ್ಲ. ಕೆಲವು ಬ್ಯಾಕ್ಟೀರಿಯಾವನ್ನು ಒಡೆಯದೆ ಅದರೊಳಗೇ ಮನೆ ಮಾಡುತ್ತವೆ. ಆಸ್ಟ್ರೇಲಿಯಾದಲ್ಲಿ ಸಿಕ್ಕ ವಿ.ಎಚ್.ಎಂ.ಎಲ್. ಎಂಬ ಫೇಜ್ ಹೊಕ್ಕ ವಿಬ್ರಿಯೊ ಹಾರ್ವೆಯಿ ಇನ್ನಷ್ಟು ಮಾರಕವಾಗಿತ್ತು. ಬಾಟಲಿಯಲ್ಲಿ ಯಾವ ಫೇಜ್ ಇದೆ, ಯಾವ ಯಾವ ವಿಬ್ರಿಯೊ ಮೇಲೆ ನೋಡಿದ್ದಾರೆ ಎಂದು ಬರಹದಲ್ಲಿ ಕೇಳಿ.

ಗಜನಿಯವ, ಕುಮಟಾ
ಬಕೆಟ್ ಇಟ್ಟು ನೋಡಿದೆ. ಕೈಯಾಡಿಸಿದಾಗ ಮಾತ್ರ ಹೊಳೆಯಿತು, ಸೀಗಡಿ ಕಪ್ಪಗೇ ಇತ್ತು. ಪಿ.ಸಿ.ಆರ್.ನಲ್ಲಿ ಬಿಳಿ ಚುಕ್ಕೆ ಇಲ್ಲ, ಇ.ಎಚ್.ಪಿ. ಇದೆ. ತಟ್ಟೆಯಲ್ಲಿ ಹಸಿರು ವಿಬ್ರಿಯೊ ಬೆಳೆದಿದೆ, ಅದರ ಮೇಲೆ ಬಾಟಲಿಯ ಹನಿ ಬೊಟ್ಟು ಮೂಡಿಸಲಿಲ್ಲ. ಅಂಗಡಿಯವರ ಬಳಿ ಬರಹವೂ ಇರಲಿಲ್ಲ. ಬಾಟಲಿ ಹಿಂದಿರುಗಿಸಿದೆ, ಅರ್ಧ ದುಡ್ಡು ಕೊಟ್ಟರು. ಮೇವು ಇಳಿಸಿ, ತಳದ ಕೆಸರು ತೆಗೆಸುತ್ತಿದ್ದೇನೆ. ಇ.ಎಚ್.ಪಿ. ಬಂದ ಹೊಂಡದಲ್ಲಿ ಬೇಗ ಸೀಗಡಿ ಹಿಡಿದು ಮಾರಿದವರಿದ್ದರೆ ಎಷ್ಟನೆಯ ದಿನಕ್ಕೆ ಹಿಡಿದಿರಿ, ತಿಳಿಸಿ.