ತೂಕ ಮತ್ತು ಕೈ ಬಲ: ನಮ್ಮ ಗ್ರೂಪಿನಲ್ಲಿ ಫಿಸಿಯೋ ಮೇಡಂಗೆ ನಿಮ್ಮ ಪ್ರಶ್ನೆಗಳು

ತೀರ್ಥಹಳ್ಳಿ ಪಿ.ಇ. ಮೇಷ್ಟ್ರು: ಮೇಡಂ ನಮಸ್ತೆ. ನಮ್ಮ ಹೈಸ್ಕೂಲಿನ 8, 9, 10ನೇ ಕ್ಲಾಸ್ ಹುಡುಗರ ತೂಕ, ಡೈನಮೋಮೀಟರಿನಲ್ಲಿ (ಹಿಡಿಕೆ ಹಿಸುಕಿ ಬಲ ಅಳೆಯುವ ಸಾಧನ) ಕೈ ಹಿಡಿತದ ಬಲ ಎರಡನ್ನೂ ಬರೆದಿಟ್ಟಿದ್ದೇನೆ. ತೂಕ ಜಾಸ್ತಿ ಇದ್ದವರಿಗೇ ಬಲವೂ ಜಾಸ್ತಿ. ಕಬಡ್ಡಿ ಟೀಮಿಗೆ ತೂಕ ನೋಡಿ ಆರಿಸಬಹುದಾ?

ಫಿಸಿಯೋ ಮೇಡಂ: ಬೇಡ ಸರ್. ಮೂರೂ ಕ್ಲಾಸನ್ನು ಒಟ್ಟಿಗೆ ಸೇರಿಸಿದ್ದೀರಿ. ಈ ವಯಸ್ಸಿನಲ್ಲಿ ವರ್ಷ ವರ್ಷಕ್ಕೂ ತೂಕ, ಬಲ ಎರಡೂ ಏರುತ್ತವೆ. ಕ್ಲಾಸ್‌ವಾರು ಬೇರೆ ಮಾಡಿ ನೋಡಿ. ಸರಾಸರಿ ಒಂದನ್ನೇ ನಂಬಬೇಡಿ. ಐದು ಹುಡುಗರ ತೂಕ 38, 40, 41, 43, 78 ಅಂತಿಟ್ಟುಕೊಳ್ಳಿ. ಸರಾಸರಿ 48, ಆದರೆ ಅದರ ಹತ್ತಿರ ಒಬ್ಬನೂ ಇಲ್ಲ. ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ತೂಕ, 41. ಮಾನಕ ವಿಚಲನೆಯನ್ನೂ ಬರೆಯಿರಿ, ಎಷ್ಟು ಚದುರಿದೆ ಅಂತ ತಿಳಿಯುತ್ತದೆ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ತೂಕ, ಉದ್ದಕ್ಕೆ ಬಲ ಹಾಕಿ ಒಬ್ಬೊಬ್ಬನಿಗೆ ಒಂದು ಚುಕ್ಕೆ ಇಡಿ. ತೂಕ ಕಮ್ಮಿ ಇದ್ದೂ ಗಟ್ಟಿ ಹಿಡಿಯುವ ಹುಡುಗ ಅಲ್ಲಿ ಸಿಗುತ್ತಾನೆ.

ಶಿವಮೊಗ್ಗ ಜಿಮ್ ಹುಡುಗ: ಬಿಎಂಐ 27. ದಪ್ಪ ಅಂತಾನಾ?

ಫಿಸಿಯೋ ಮೇಡಂ: ಬಿಎಂಐ ಅಂದರೆ ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ ಅಷ್ಟೇ. ಅದಕ್ಕೆ ಮಾಂಸ ಯಾವುದು, ಕೊಬ್ಬು ಯಾವುದು ಗೊತ್ತಾಗಲ್ಲ. ಹೊಟ್ಟೆಯ ಸುತ್ತಳತೆ ನೋಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು.

ಕೊಪ್ಪದ ಸದಸ್ಯ: 68 ಕೆಜಿ, 5 ಅಡಿ 5. ಸರಿ ಇದ್ದೀನಾ?

ಫಿಸಿಯೋ ಮೇಡಂ: ಈಗಷ್ಟೇ ಹೇಳಿದೆ. ಟೇಪ್.

ಹೊಸನಗರದ ಸದಸ್ಯೆ: ಮೇಡಂ, ಅಪ್ಪಯ್ಯಂಗೆ 66 ವರ್ಷ. ಮರ ಹತ್ತಿ ಅಡಿಕೆ ಕೊನೆ ತೆಗೆಯುತ್ತಿದ್ದವರು. ಈಗ ಅಡಿಕೆ ಸುಲಿಯಲು ಕೂತರೆ ಕಾಯಿ ಕೈಯಿಂದ ಜಾರಿ ಬೀಳುತ್ತೆ. ಆರು ತಿಂಗಳಲ್ಲಿ 60 ಕೆಜಿಯಿಂದ 52ಕ್ಕೆ ಬಂದಿದ್ದಾರೆ. ಎತ್ತರ 165 ಸೆಂ.ಮೀ. ಶಿಬಿರದಲ್ಲಿ ಬಲಗೈ ಹಿಡಿತ 19 ಕೆಜಿ ಬಂತು. ಚೀಟಿಯಲ್ಲಿ ‘ಬಿಎಂಐ 19.1, ನಾರ್ಮಲ್’ ಅಂತ ಬರೆದಿದ್ದಾರೆ.

ಫಿಸಿಯೋ ಮೇಡಂ: ಆ ‘ನಾರ್ಮಲ್’ ನೋಡಿ ಸುಮ್ಮನಾಗಬೇಡಿ. ಊರವರ ಜೊತೆ ಹೋಲಿಸುವ ಸಂಖ್ಯೆ ಅದು. ಅಪ್ಪಯ್ಯನನ್ನು ಅವರ ಹಿಂದಿನ ತೂಕಕ್ಕೇ ಹೋಲಿಸಿ. 8 ಕೆಜಿ ಅಂದರೆ ಶೇಕಡಾ 13. ತಾನಾಗಿ ಶೇಕಡಾ 5 ಇಳಿದರೂ ಡಾಕ್ಟರಿಗೆ ತೋರಿಸಬೇಕು. ಹಿಡಿತಕ್ಕೆ 2019ರಲ್ಲಿ ಏಷ್ಯಾದ ತಜ್ಞರು ಹಾಕಿದ ಗೆರೆ ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18. ಅದಕ್ಕಿಂತ ಇವರದು ಎಷ್ಟು ಕೆಳಗಿದೆ ನೋಡಿ. ಎಡಗೈ ಎಷ್ಟು ಬಂತು? ಒಂದೇ ಕೈ ಇಳಿದಿದ್ದರೆ ಕುತ್ತಿಗೆ ಅಥವಾ ಮಣಿಕಟ್ಟಿನ ನರ ನೋಡಬೇಕು. ಎರಡೂ ಇಳಿದಿದ್ದರೆ ಮೈಯಲ್ಲೇ ಕಾರಣ ಹುಡುಕಬೇಕು. ಜ್ವರ, ಕೆಮ್ಮು ಇದೆಯಾ? ಊಟ ಸೇರುತ್ತಾ?

ಸಾಗರದ ಸದಸ್ಯ: ಫಾರ್ವರ್ಡ್ ಬಂದಿದೆ. ಖಾಲಿ ಹೊಟ್ಟೆಗೆ ಮೆಂತೆ ನೀರು, 21 ದಿನ. ಕೈ ಬಲ ಡಬಲ್ ಆಗುತ್ತಂತೆ 🙏

ಫಿಸಿಯೋ ಮೇಡಂ: ದಯವಿಟ್ಟು ಅಳಿಸಿ. ಕಾರಣ ಗೊತ್ತಿಲ್ಲದೆ ಸೊರಗುತ್ತಿರುವ ಮನುಷ್ಯ ಇದನ್ನು ಕುಡಿದು ಕೂತರೆ ಪರೀಕ್ಷೆ 21 ದಿನ ತಡವಾಗುತ್ತದೆ.

ಸಾಗರದ ಸದಸ್ಯ: ನಮ್ಮಜ್ಜ ಯಾವ ಬಿಎಂಐ ನೋಡಿದ್ರು? ಅಡಿಕೆ ಮೂಟೆ ಹೊರ್ತಿದ್ರು.

ಜಿಮ್ ಹುಡುಗ: ಹೊರಲು ಆಗದ ಅಜ್ಜಂದಿರ ಕಥೆ ಯಾರೂ ಹೇಳಲ್ಲ ಸರ್.

ಸಾಗರದ ಸದಸ್ಯ: ಪೌಡರ್ ಕುಡಿಯೋರು ನಮಗೆ ಹೇಳೋಕೆ ಬರಬೇಡಿ.

ಜಿಮ್ ಹುಡುಗ: ಮರ್ಯಾದೆ ಕೊಟ್ಟು ಮಾತಾಡಿ. ಅಜ್ಜನ ಹೆಸರಲ್ಲಿ ಔಷಧ ಹಂಚ್ತಿರೋದು ನೀವು.

ಶಿಕಾರಿಪುರದ ಸದಸ್ಯೆ: ಮಗನಿಗೆ 15 ವರ್ಷ. ಪ್ರೋಟೀನ್ ಪೌಡರ್ ಕೊಡಬಹುದಾ ಮೇಡಂ?

ಪಿ.ಇ. ಮೇಷ್ಟ್ರು: ಎರಡು ಸಲ ಹಿಡಿಸಿದ್ದೇನೆ. ದೊಡ್ಡದನ್ನು ಬರೆಯಲಾ, ಸರಾಸರಿನಾ?

ಫಿಸಿಯೋ ಮೇಡಂ: ದೊಡ್ಡದು. ಎಲ್ಲರಿಗೂ ಅದೇ ನಿಯಮ.

ಸಾಗರದ ಸದಸ್ಯ: ಮೆಂತೆ ಆಹಾರ ಅಷ್ಟೇ, ವಿಷ ಅಲ್ಲ.

ಫಿಸಿಯೋ ಮೇಡಂ: ಅಳಿಸಿ ಅಂದೆ. ಇನ್ನೊಮ್ಮೆ ಹಾಕಿದರೆ ಅಡ್ಮಿನ್‌ಗೆ ಹೇಳುತ್ತೇನೆ.

ಹೊಸನಗರದ ಸದಸ್ಯೆ: ಎಡಗೈ 18. ಒಂದು ತಿಂಗಳಿಂದ ಕೆಮ್ಮು ಇದೆ. ಊಟ ಅರ್ಧ ಆಗಿದೆ.

ಫಿಸಿಯೋ ಮೇಡಂ: ನಾಳೆ ಬೆಳಿಗ್ಗೆಯೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಫದ ಪರೀಕ್ಷೆ, ಎದೆ ಎಕ್ಸ್‌ರೇ, ಸಕ್ಕರೆ, ಥೈರಾಯ್ಡ್ ಕೇಳಿ. ತೂಕ ಇಳಿದ ಲೆಕ್ಕವನ್ನು ತಿಂಗಳ ಸಮೇತ ಒಂದು ಹಾಳೆಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ. ವ್ಯಾಯಾಮ ಆಮೇಲೆ. ರಿಪೋರ್ಟ್ ನನಗೇ ನೇರವಾಗಿ ಕಳಿಸಿ.

ಕೊಪ್ಪದ ಸದಸ್ಯ: ಟೇಪ್‌ನಲ್ಲಿ 94 ಬಂತು. ಈಗ?