ಅಜ್ಜ ಇದ್ದ ಜಪಾನಿನ ಹಳೆಯ ಫಿಲ್ಮ್ ಎಲ್ಲಿ ಹುಡುಕಲಿ?

ಪ್ರಶ್ನೆ: ನಮ್ಮ ಅಜ್ಜ ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿ ಸೇರಿದ್ದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅವರ ಪಲ್ಟನ್ ಜಪಾನಿಗೆ ಹೋಗಿತ್ತು. ಉಳಿದಿರುವುದು ಒಂದೇ ಫೋಟೊ. ಮನೆಯವರಿಗಾಗಿ 20 ನಿಮಿಷದ ಚಿತ್ರ ಮಾಡುತ್ತಿದ್ದೇನೆ. ಪೆಸಿಫಿಕ್ ಯುದ್ಧದ, ಆಗಿನ ಜಪಾನಿನ ಅಸಲಿ ದೃಶ್ಯಗಳು ಎಲ್ಲಿ ಸಿಗುತ್ತವೆ? ದುಡ್ಡು ಕೊಡಬೇಕಾ?

ಉತ್ತರ: ಮೇಡಂ, ದುಡ್ಡು ಕೊಡುವ ಮೊದಲು ಅಮೆರಿಕದ ನ್ಯಾಷನಲ್ ಆರ್ಕೈವ್ಸ್ ಕ್ಯಾಟಲಾಗ್ ನೋಡಿ. ಅಲ್ಲಿನ ಸರ್ಕಾರಿ ಕ್ಯಾಮೆರಾಮನ್‌ಗಳು ತೆಗೆದದ್ದಕ್ಕೆ ಅಲ್ಲಿ ಕಾಪಿರೈಟ್ ಇಲ್ಲ, ಎಷ್ಟೋ ರೋಲ್‌ಗಳನ್ನು ಸುಮ್ನೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಕ್ಯಾಟಲಾಗ್‌ನಲ್ಲಿ ದಾಖಲೆಗಳಿಗೆ ಗುಂಪಿನ ನಂಬರ್ ಇರುತ್ತದೆ: ಸೈನ್ಯದ್ದು 111ನೇ ಗುಂಪು, ವಾಯುಪಡೆಯದ್ದು 342. ನಾನು ಇದು ಗೊತ್ತಿಲ್ಲದೆ ಒಂದು ಕಂಪನಿಗೆ ಹಣ ಕಟ್ಟಿ ಕ್ಲಿಪ್ ತಗೊಂಡೆ. ಅದೇ ಕ್ಲಿಪ್ ಅಲ್ಲಿ ಪುಕ್ಕಟೆ ಇತ್ತು.

ಅದಕ್ಕಿಂತ ಜಾಸ್ತಿ ನೋವಾದದ್ದು ಇನ್ನೊಂದು ತಪ್ಪಿನಿಂದ. ಪರ್ಲ್ ಹಾರ್ಬರ್ ದಾಳಿ ಅಂತ ನನ್ನ ಚಿತ್ರದಲ್ಲಿ ನಾನು ಹಾಕಿದ್ದ ಶಾಟ್‌ಗಳು ದಾಳಿಯ ದಿನದವೇ ಅಲ್ಲ. 'ಡಿಸೆಂಬರ್ 7ತ್' ಅನ್ನೋ 1943ರ ಚಿತ್ರಕ್ಕಾಗಿ ಆಮೇಲೆ ಮಾಡಿಸಿದ ದೃಶ್ಯಗಳು. ಎಷ್ಟೋ ಡಾಕ್ಯುಮೆಂಟರಿಗಳು ಅವನ್ನೇ ನಿಜ ಅಂತ ತೋರಿಸುತ್ತವೆ. ನನ್ನ ಚಿತ್ರ ನೋಡಿದ ನಿವೃತ್ತ ಸೈನಿಕರೊಬ್ಬರು ಹೇಳಿದಾಗಲೇ ನನಗೆ ಗೊತ್ತಾದದ್ದು.

ಆಗಿನಿಂದ ನಾನು ಮೊದಲು ಹುಡುಕುವುದು ಶಾಟ್‌ನ ವಿವರ ಬರೆದ ಹಲಗೆಯನ್ನು. 1946ರಲ್ಲಿ ಅಮೆರಿಕದ ತಂಡವೊಂದು ಹಿರೋಶಿಮಾ, ನಾಗಸಾಕಿಯನ್ನು ಕಲರ್‌ನಲ್ಲಿ, 16 ಎಂಎಂ ಕೊಡಾಕ್ರೋಮ್ ಫಿಲ್ಮ್‌ನಲ್ಲಿ ಚಿತ್ರಿಸಿತು. ಡೇನಿಯಲ್ ಮೆಕ್‌ಗವರ್ನ್ ಅದರ ಮುಖ್ಯಸ್ಥ, ಕ್ಯಾಮೆರಾ ಹಿಡಿದವರಲ್ಲಿ ಮಿಮುರಾ ಎಂಬ ಜಪಾನಿಯೂ ಇದ್ದರು. ದಶಕಗಳ ಕಾಲ ಅದನ್ನು ಹೊರಗೆ ಬಿಡಲೇ ಇಲ್ಲ. ಆ ರೋಲ್‌ಗಳಲ್ಲಿ ಶಾಟ್ ಶುರುವಾಗುವ ಮುಂಚೆ ಒಂದು ಹಲಗೆ ಬರುತ್ತದೆ. ಅದರ ಮೇಲೆ ಊರು, ತಾರೀಕು, ರೋಲ್ ನಂಬರ್. ಕತ್ತರಿಸಿ ಮತ್ತೆ ಅಪ್‌ಲೋಡ್ ಮಾಡಿದ ವಿಡಿಯೊಗಳಲ್ಲಿ ಮೊದಲು ಹೋಗುವುದೇ ಆ ಹಲಗೆ. ಅದಿಲ್ಲದ ತುಣುಕಿಗೆ ಊರಿನ ಹೆಸರು ಹಾಕಬೇಡಿ ಮೇಡಂ.

ಉತ್ತರ: ಅಜ್ಜನ ಪಲ್ಟನ್ ಒಂದನೇ ಬೆಟಾಲಿಯನ್ ಆಗಿದ್ದರೆ, ನಮ್ಮ ಕೊಡಗಿನ ತಿಮ್ಮಯ್ಯನವರ 268ನೇ ಬ್ರಿಗೇಡಿನಲ್ಲೇ ಜಪಾನಿಗೆ ಹೋದದ್ದು. ಅದು ಬ್ರಿಟಿಷ್ ಕಾಮನ್‌ವೆಲ್ತ್ ಪಡೆ, ಅಮೆರಿಕದ್ದಲ್ಲ. ಹಾಗಾಗಿ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್, ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಎರಡರಲ್ಲೂ ಹುಡುಕಿ. ಮರಾಠಾ ಅನ್ನುವುದರ ಸ್ಪೆಲಿಂಗ್ ಅಲ್ಲಿ ಹಳೆಯದು: ಮಹ್ರಟ್ಟಾ (Mahratta), ನಡುವೆ ಎಚ್, ಟಿ ಎರಡು. ಈಗಿನ ಸ್ಪೆಲಿಂಗ್ ಹಾಕಿ ನಾನು ಒಂದು ವಾರ ಕಳೆದುಕೊಂಡಿದ್ದೆ. ಹಾಗೇ, ತೈವಾನ್ ಬೇಕಿದ್ದರೆ ಫಾರ್ಮೋಸಾ ಅಂತ ಕೊಡಬೇಕು.

ಜಪಾನಿನವರೇ ತೆಗೆದದ್ದು ಬೇಕಾದರೆ, ಯುದ್ಧಕಾಲದ 'ನಿಪ್ಪಾನ್ ನ್ಯೂಸ್' ರೀಲುಗಳು ಜಪಾನಿನ ಸಾರ್ವಜನಿಕ ಟಿವಿ ಸಂಸ್ಥೆ ಎನ್‌ಎಚ್‌ಕೆಯ ಯುದ್ಧ ಸಾಕ್ಷ್ಯ ಆರ್ಕೈವ್‌ನಲ್ಲಿವೆ. ನೋಡಲು ತೊಂದರೆ ಇಲ್ಲ, ಬಳಸುವ ಮುಂಚೆ ಅನುಮತಿ ಕೇಳಿ.

ಉತ್ತರ: ಅಕ್ಕಾ, ಒಂದೆರಡು ಮಾತು. ಈ ಫಿಲ್ಮ್‌ಗಳಲ್ಲಿ ಹೆಚ್ಚಿನವಕ್ಕೆ ಸದ್ದೇ ಇಲ್ಲ. ನೀವು ಟಿವಿಯಲ್ಲಿ ಕೇಳುವ ಗುಂಡಿನ ಸದ್ದು ಆಮೇಲೆ ಸೇರಿಸಿದ್ದು. ಸೆಕೆಂಡಿಗೆ 16 ಫ್ರೇಮಿನಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ನಡೆಯುವವರೂ ಓಡುತ್ತಾರೆ. ಬೆನ್ನಿಗೆ ಮಗು ಕಟ್ಟಿಕೊಂಡು ಹೋಗುವ ತಾಯಿ ಬೊಂಬೆಯ ಹಾಗೆ ಕಾಣಬಾರದು ಅಲ್ವಾ? ವೇಗ ಸರಿಮಾಡಿ.

ಒಕಿನಾವಾದವರು 1983ರಲ್ಲಿ, ಒಂದು ಅಡಿ ಫಿಲ್ಮಿಗೆ ನೂರು ಯೆನ್ ಅಂತ ಒಬ್ಬೊಬ್ಬರಿಂದ ಕೂಡಿಸಿ, ತಮ್ಮ ನೆಲದ ಯುದ್ಧದ ಚಿತ್ರಗಳನ್ನು ಅಮೆರಿಕದಿಂದ ತರಿಸಿಕೊಂಡರು. ತಮ್ಮ ಮಕ್ಕಳಿಗೆ ತೋರಿಸಲಿಕ್ಕೆ. ಇದು ತಿಳಿದ ಮೇಲೆ ಒಂದು ಶಾಟನ್ನೂ ಸುಮ್ನೆ ಜಾಗ ತುಂಬಲು ಹಾಕಲು ನನಗೆ ಮನಸ್ಸಾಗುವುದಿಲ್ಲ. ಸದ್ದು ಬೇಕೆನಿಸಿದರೆ ಅಜ್ಜನನ್ನು ಕಂಡವರ ಮಾತು ರೆಕಾರ್ಡ್ ಮಾಡಿ ಕೂರಿಸಿ.

ಪ್ರಶ್ನೆ ಕೇಳಿದವರು: ಅಜ್ಜಿಗೆ 94. ನಾಳೆಯೇ ಕೂತು ಮಾತಾಡಿಸುತ್ತೇನೆ. ಅಜ್ಜನ ಪೇ ಬುಕ್ಕು ಟ್ರಂಕಿನಲ್ಲಿದೆಯಂತೆ, ಬೆಟಾಲಿಯನ್ ನಂಬರ್ ನೋಡಿ ಇಲ್ಲೇ ಬರೆಯುತ್ತೇನೆ.